ಎಲ್ಲೂ ಬಿಗಿಯಾಗದ ಕೋಟು

ಬಹಳ ಹಿಂದಿನ ಮಾತು. ಎಷ್ಟು ಹಿಂದಿನದು ಎಂದು ಈ ಕಥೆಯ ಅಜ್ಜಿಯನ್ನೇ ಕೇಳಿದರೆ "ನಿನ್ನೆಯೋ ಮೊನ್ನೆಯೋ ಇರಬೇಕು" ಎಂದಾಳು. ಒಂದು ಬೀದಿಯ ತುದಿಯಲ್ಲಿ ಒಬ್ಬ ದರ್ಜಿ ಅಜ್ಜಿ ಇದ್ದಳು. ಊರಿನ ಅರ್ಧ ಜನರ ಬೆನ್ನು ಅವಳಿಗೆ ಪರಿಚಯ. ಯಾರ ಎಡಭುಜ ಇಳಿಜಾರು, ಯಾರು ಹೊಟ್ಟೆ ಒಳಗೆಳೆದುಕೊಂಡು ಅಳತೆ ಕೊಡುತ್ತಾರೆ, ಎಲ್ಲವೂ ಅವಳ ಟೇಪಿಗೆ ಗೊತ್ತಿತ್ತು. ಐವತ್ತು ವರ್ಷ ಕಂಡವರಿಗೆಲ್ಲ ಕೋಟು ಹೊಲಿದಳು. ತನಗೆ ಮಾತ್ರ ಒಂದೂ ಹೊಲಿದುಕೊಳ್ಳಲಿಲ್ಲ.

ಅವಳಿಗೊಬ್ಬಳು ಮೊಮ್ಮಗಳು. ಮೂರು ವರ್ಷದವಳಿದ್ದಾಗ ಗಿರಾಕಿಯ ಕೋಟಿನ ಗುಂಡಿಯೊಂದನ್ನು ನುಂಗಿದ್ದಕ್ಕೆ ಅವಳ ಹೆಸರೇ ಗುಂಡಿ ಎಂದಾಗಿತ್ತು. ಬಟ್ಟೆ ಕತ್ತರಿಸುವ ದೊಡ್ಡ ಮೇಜಿನ ಕೆಳಗೆ, ಚೂರುಬಟ್ಟೆಗಳ ರಾಶಿಯ ಮೇಲೆ ಕೂತು ಅಜ್ಜಿಯ ಕಥೆ ಕೇಳುತ್ತಿದ್ದವಳು ಒಂದು ದಿನ ಅಲ್ಲಿಂದಲೇ ಮಾತು ಕೊಟ್ಟಳು.

"ದೊಡ್ಡವಳಾದ ಮೇಲೆ ನಿನಗೊಂದು ಕೋಟು ಹೊಲಿದುಕೊಡ್ತೀನಜ್ಜಿ. ಎಲ್ಲೂ ಬಿಗಿಯಾಗಬಾರದು, ಅಂಥದ್ದು."

"ಮೊದಲು ಕಾಜಾ ಹಾಕೋದು ಕಲಿ," ಎಂದಿತು ಮೇಜಿನ ಮೇಲಿನ ದನಿ.

ಗುಂಡಿ ಕಾಜಾ ಕಲಿತಳು, ಕಾಲರ್ ಕಲಿತಳು, ಇಪ್ಪತ್ತಮೂರರ ಹುಡುಗಿಯಾದಳು. ಅಷ್ಟರಲ್ಲಿ ಅಜ್ಜಿ ಒಂದೊಂದನ್ನೇ ಕೈಬಿಡುತ್ತಾ ಬಂದಿದ್ದಳು. ಮೊದಲು ಬೀದಿಯ ಹೆಸರು ಹೋಯಿತು, ಆಮೇಲೆ ಸೂಜಿಗೆ ದಾರ ಪೋಣಿಸುವುದು, ಆಮೇಲೆ ಹೆತ್ತ ಮಗಳ ಮುಖ. ಮರೆವಿನ ಕಾಯಿಲೆ, ವಾಪಸು ಬರುವಂಥದ್ದಲ್ಲ ಎಂದರು ಡಾಕ್ಟರು. ಗುಂಡಿಯನ್ನು ಅಜ್ಜಿ ಕೆಲವು ದಿನ ಹೊಸ ಕೆಲಸದವಳು ಎಂದುಕೊಳ್ಳುತ್ತಿದ್ದಳು, ಕೆಲವು ದಿನ ಅವಸರದ ಗಿರಾಕಿ. ಇನ್ನು ತಡ ಮಾಡಿದರೆ ಕೊಟ್ಟ ಮಾತು ಯಾರಿಗೆ ಕೊಟ್ಟದ್ದು ಎಂಬುದೇ ಉಳಿಯುವುದಿಲ್ಲ ಎಂದು ಗುಂಡಿ ಬೂದುಬಣ್ಣದ ಉಣ್ಣೆ ಬಟ್ಟೆ ತಂದು, ಅಜ್ಜಿಯ ಅಳತೆ ತೆಗೆದು, ಕತ್ತರಿ ಹಾಕಿದಳು.

ಅದರ ಮರುದಿನವೇ ಸ್ನಾನದಮನೆಯ ಬಾಗಿಲಲ್ಲಿ ದಡ್ಡನೆ ಸದ್ದಾಯಿತು. ಓಡಿಹೋಗಿ ನೋಡಿದರೆ ಕುರ್ಚಿ ಮಗುಚಿತ್ತು; ಅಜ್ಜಿ ಪಕ್ಕದಲ್ಲಿ ನಿಂತು ಅದರ ಬೆನ್ನು ಸವರುತ್ತಿದ್ದಳು.

"ಕುರ್ಚಿ ಬಿತ್ತು, ಪಾಪ."

ಗುಂಡಿಯೂ ಅವಳ ಅಮ್ಮನೂ ನಕ್ಕರು. ಅಮ್ಮ ಕುರ್ಚಿಯ ಕಾಲು ಸಡಿಲವಾಗಿದೆಯೇ ಎಂದು ಅಲ್ಲಾಡಿಸಿ ನೋಡಿದಳು.

ತೊಂದರೆ ಶುರುವಾದದ್ದು ಟ್ರಯಲ್‌ನಲ್ಲಿ. ಬಿಳಿ ದಾರದ ಕಚ್ಚಾ ಹೊಲಿಗೆ ಹಾಕಿದ ಕೋಟನ್ನು ತೊಡಿಸುತ್ತಿದ್ದಂತೆ ಅಜ್ಜಿಯ ಕೈ ಬಲಪಕ್ಕಕ್ಕೆ ಹೋಯಿತು.

"ಇಲ್ಲಿ ಬಿಗಿ. ಬಿಚ್ಚು."

ಗುಂಡಿ ಅರ್ಧ ಇಂಚು ಸಡಿಲ ಬಿಟ್ಟಳು. ಮರುದಿನ ಮತ್ತೆ ಬಿಗಿ. ಒಂದು ಇಂಚು ಬಿಟ್ಟಳು. ಮೂರನೆಯ ದಿನ ಅಜ್ಜಿ ಕಾಯಲಿಲ್ಲ. ಕತ್ತರಿಗಳನ್ನೆಲ್ಲ ಮನೆಯವರು ಬಚ್ಚಿಟ್ಟಿದ್ದರಿಂದ ಊಟದ ಫೋರ್ಕಿನಲ್ಲೇ ಹೊಲಿಗೆ ಎತ್ತಿ, ದಾರವನ್ನು ಹಲ್ಲಿನಲ್ಲಿ ಕಡಿದಿಟ್ಟಿದ್ದಳು. ಕಸುಬು ಕಲಿಸಿದವಳೇ ತಪ್ಪು ತೋರಿಸುತ್ತಿರುವಾಗ ಎದುರು ಹೇಳುವುದುಂಟೇ? ಗುಂಡಿ ಮುಖ ಕೆಂಪಗೆ ಮಾಡಿಕೊಂಡು ಮತ್ತೆ ಸಡಿಲಿಸಿದಳು. ವಾರದೊಳಗೆ ಕೋಟಿನ ಬಲಭಾಗ ಎಷ್ಟು ಜೋಲಾಯಿತೆಂದರೆ ಅದರೊಳಗೆ ಇನ್ನೊಬ್ಬರು ಬಾಡಿಗೆಗಿರಬಹುದಿತ್ತು. ಅಜ್ಜಿಗೆ ಇನ್ನೂ ಬಿಗಿ.

"ನೀನು ಹೊಲಿ, ಅವಳು ಬಿಚ್ಚಲಿ. ಇಬ್ಬರಿಗೂ ಜನ್ಮಕ್ಕಾಗುವಷ್ಟು ಕೆಲಸ," ಎಂದಳು ಅಮ್ಮ, ಹೊಲಿಗೆ ಮಿಷನ್ನಿನಿಂದ ತಲೆಯೆತ್ತದೆ. ತಮಾಷೆಯ ಮಾತಾದರೂ ದನಿ ಸೋತಿತ್ತು. ಯಾರಾದರೂ ನೈಟಿ ಬದಲಿಸಲು ಹೋದರೆ ಅಜ್ಜಿ ಈಗ ಅವರ ಕೈಗೆ ಹೊಡೆಯುತ್ತಿದ್ದಳು, ಕೂತಲ್ಲಿ ಕೂರುತ್ತಿರಲಿಲ್ಲ, ಎದ್ದರೆ ಗೋಡೆ ಹಿಡಿದು ಗೊಣಗುತ್ತಿದ್ದಳು. ಸೋಮವಾರದೊಳಗೆ ಹತೋಟಿಗೆ ಬರದಿದ್ದರೆ ಶಾಂತವಾಗಿರಲು ಒಂದು ಮಾತ್ರೆ ಶುರು ಮಾಡೋಣ ಎಂದು ಡಾಕ್ಟರು ಚೀಟಿ ಬರೆದುಕೊಟ್ಟಿದ್ದರು. ಇಸ್ತ್ರಿ ಅಂಗಡಿಯ ತಾತ ಅಂಥದೇ ಮಾತ್ರೆ ನುಂಗಿ ಗದ್ದವನ್ನು ಎದೆಗೂರಿ ಕೂತದ್ದನ್ನು ಗುಂಡಿ ಕಣ್ಣಾರೆ ಕಂಡಿದ್ದಳು. ಅಜ್ಜಿಯ ಬಾಯಲ್ಲಿ ಇನ್ನೂ ಕಥೆಗಳ ಮೊದಲ ಸಾಲುಗಳು ಉಳಿದಿದ್ದವು. ರಾಜ ಬರುತ್ತಿದ್ದ, ಕುದುರೆ ಹತ್ತುತ್ತಿದ್ದ, ಅಲ್ಲಿಗೆ ಮುಗಿಯುತ್ತಿತ್ತು. ಮಾತ್ರೆ ಬಂದರೆ ರಾಜನೂ ಏಳುವುದಿಲ್ಲ.

ಗುರುವಾರ, ಅಜ್ಜಿಯನ್ನು ಆಗಾಗ ಮನೆಗೇ ಬಂದು ನೋಡಿಹೋಗುವ ನರ್ಸಮ್ಮ ಬಂದರು.

"ಎಲ್ಲಾದರೂ ನೋವಿದೆಯಾ ಅಜ್ಜಿ?"

"ನನಗೇನಮ್ಮ, ಗುಂಡುಕಲ್ಲಿನ ಹಾಗಿದ್ದೀನಿ. ನೀನೇ ಸೊರಗಿದ್ದೀಯ."

ನರ್ಸಮ್ಮ ಚೀಲದಿಂದ ಒಂದು ರಟ್ಟು ತೆಗೆದರು. ನೋವು ಎಷ್ಟಿದೆ ಎಂದು ಬೆರಳಿಟ್ಟು ತೋರಿಸಲು ಅದರಲ್ಲಿ ಸಾಲಾಗಿ ಐದು ದುಂಡು ಮುಖ. ಮೊದಲನೆಯದು ನಗುತ್ತಿತ್ತು, ಕೊನೆಯದು ಅಳುತ್ತಿತ್ತು. "ಇದರಲ್ಲಿ ನಿಮ್ಮದು ಯಾವುದು, ತೋರಿಸಿ ನೋಡೋಣ."

ಅಜ್ಜಿ ಕನ್ನಡಕ ಸರಿಮಾಡಿಕೊಂಡು ಒಂದೊಂದನ್ನೂ ಪರೀಕ್ಷಿಸಿದಳು. "ಒಬ್ಬರಿಗೂ ಕುತ್ತಿಗೆಯೇ ಇಲ್ಲ. ಕಾಲರ್ ಎಲ್ಲಿಗೆ ಇಡೋದು?"

ನಗು ತಡೆಯಲಾರದೆ ರಟ್ಟನ್ನು ಒಳಗಿಟ್ಟ ನರ್ಸಮ್ಮ, ಹೊರಡುವಾಗ ಬಾಗಿಲಲ್ಲಿ ನಿಂತು ಗುಂಡಿಗೆ ಹೇಳಿದರು. "ಈ ಕಾಯಿಲೆಯವರಿಗೆ ನೋವು ಗೊತ್ತಾಗಲ್ಲ ಅಂದ್ಕೊಬೇಡ ಕಣಮ್ಮ. ಗೊತ್ತಾಗುತ್ತೆ. ಆದರೆ ಅದು ಎಲ್ಲಿಂದ ಬರ್ತಿದೆ, ಅದಕ್ಕೆ ಏನಂತಾರೆ, ಅದೇ ಸಿಗಲ್ಲ. ನೀನು ದಿನವಿಡೀ ಜೊತೆಗಿರ್ತೀಯ. ಕೇಳಬೇಡ, ನೋಡ್ತಾ ಇರು. ನಾನು ಸೋಮವಾರ ಬರ್ತೀನಿ."

ಆ ಮಾತು ಗುಂಡಿಯ ತಲೆಯಲ್ಲಿ ಸೂಜಿಯಂತೆ ನಿಂತುಬಿಟ್ಟಿತು. ಹೆಸರಿಲ್ಲದ ನೋವು ಹೇಗಿರುತ್ತದೆ? ಒಳಗೆ ಬಂದು ಕೂತು, ತಾನು ಯಾರೆಂದು ಹೇಳದ ನೆಂಟನ ಹಾಗೆಯೇ? ಅಂಥವನನ್ನು ಮನೆಯವರು ಏನೆಂದು ಕರೆದಾರು?

ಶನಿವಾರ ಬೆಳಿಗ್ಗೆ ಗುಂಡಿ, ಆ ವಾರ ಅಜ್ಜಿ ಬಿಚ್ಚಿಹಾಕಿದ್ದ ಬಟ್ಟೆಗಳ ರಿಪೇರಿಗೆ ಕೂತಳು. ನೈಟಿ, ಸ್ವೆಟರ್, ಏಪ್ರನ್, ಕೋಟು. ಒಂದನ್ನು ತೆಗೆದುಕೊಳ್ಳಲು ಹೋಗಿ ನಿಂತಳು. ನಾಲ್ಕನ್ನೂ ಮೇಜಿನ ಮೇಲೆ ಹಾಸಿ, ಭುಜಕ್ಕೆ ಭುಜ ಕೂಡಿಸಿ, ಒಂದರ ಮೇಲೊಂದು ಇಟ್ಟಳು. ಬಲಗಂಕುಳಿನಿಂದ ನಾಲ್ಕು ಬೆರಳು ಕೆಳಗೆ, ನಾಲ್ಕು ತೂತೂ ಒಂದೇ ಜಾಗದಲ್ಲಿ ಕೂತವು. ಕಿಟಕಿಯ ಬೆಳಕಿಗೆ ಎತ್ತಿ ಹಿಡಿದರೆ ಆಚೆ ಬೀದಿ ಕಾಣುತ್ತಿತ್ತು.

ಬಿಚ್ಚುವ ಹುಚ್ಚೇ ಆಗಿದ್ದರೆ ಎಡಗಡೆಯ ಹೊಲಿಗೆ ಏನು ಪಾಪ ಮಾಡಿತ್ತು? ಅದಕ್ಕಿಂತ ವಿಚಿತ್ರವೆಂದರೆ ಏಪ್ರನ್ನು. ಅದಕ್ಕೆ ಆ ಜಾಗದಲ್ಲಿ ಹೊಲಿಗೆಯೇ ಇಲ್ಲ. ಅಜ್ಜಿ ಬಟ್ಟೆಯನ್ನೇ ತೂತು ಮಾಡಿದ್ದಳು.

ಐವತ್ತು ವರ್ಷ ಜನ ಈ ಅಂಗಡಿಗೆ ಬಂದು, ಪಕ್ಕೆಯ ಮೇಲೆ ಕೈಯಿಟ್ಟು, "ಇಲ್ಲಿ ಬಿಗಿ" ಎಂದಿದ್ದರು. ಐವತ್ತು ವರ್ಷ ಅಜ್ಜಿ ಅಲ್ಲಿ ಹೊಲಿಗೆ ಬಿಚ್ಚಿಕೊಟ್ಟಿದ್ದಳು. ಗುಂಡಿಯೂ ಅದನ್ನೇ ಮಾಡಿದ್ದಳು. ಬಟ್ಟೆಯ ಒಳಗಿದ್ದವಳನ್ನು ಬಿಟ್ಟು ಬಟ್ಟೆಯನ್ನು ನೋಡಿದ್ದಳು.

ಟ್ರಯಲ್‌ನಲ್ಲಿ ಅಜ್ಜಿ ಗಿರಾಕಿಯನ್ನು ಹೇಗಿದೆ ಎಂದು ಕೇಳುತ್ತಿರಲಿಲ್ಲ. ಕನ್ನಡಿ ಕಂಡವರು ಚೆನ್ನಾಗಿದೆ ಎಂದೇ ಅನ್ನುತ್ತಾರೆ. ನಡೆಸುತ್ತಿದ್ದಳು, ಬಗ್ಗಿಸುತ್ತಿದ್ದಳು, ಕೈ ಎತ್ತಿಸುತ್ತಿದ್ದಳು, ಸುಕ್ಕು ಎತ್ತ ಓಡುತ್ತದೆ ಎಂದು ನೋಡುತ್ತಿದ್ದಳು. ಗುಂಡಿಯೂ ಹಾಗೇ ಮಾಡಿದಳು; ಗುಂಡಿಗಳ ಡಬ್ಬವನ್ನು ಶೆಲ್ಫಿನ ಮೇಲಿಟ್ಟು, ಏನೂ ಅರಿಯದವಳಂತೆ ಕೇಳಿದಳು.

"ಅಜ್ಜೀ, ಆ ಡಬ್ಬ ಸ್ವಲ್ಪ ಕೊಡ್ತೀಯಾ?"

ಅಜ್ಜಿ ಎದ್ದು ಬಲಗೈ ಚಾಚಿದಳು. ಕೈ ಭುಜದ ಮಟ್ಟಕ್ಕೆ ಬಂದು ನಿಂತಿತು, ಜೊತೆಗೆ ಉಸಿರೂ ನಿಂತಿತು. ನೈಟಿಯ ಸುಕ್ಕುಗಳೆಲ್ಲ ಆ ಒಂದೇ ಜಾಗದ ಕಡೆಗೆ ಓಡಿದವು. ಅಜ್ಜಿ ಮೆಲ್ಲನೆ ಕೈ ಇಳಿಸಿ ಗದರಿದಳು. "ಈ ಶೆಲ್ಫ್ ಯಾರು ಎತ್ತರ ಮಾಡಿದ್ದು?"

ಶೆಲ್ಫ್ ಎತ್ತರವಾಯಿತು. ಕೋಟು ಬಿಗಿಯಾಯಿತು. ಕುರ್ಚಿ ಬಿತ್ತು.

ಕುರ್ಚಿ. ಆ ದಿನ ಬಿದ್ದದ್ದು ಕುರ್ಚಿಯೊಂದೇ ಅಲ್ಲ. ಗುಂಡಿ ಬಟ್ಟೆ ಗುರುತಿನ ಸೀಮೆಸುಣ್ಣ ತೆಗೆದುಕೊಂಡು, ನೈಟಿಯ ಮೇಲೆ ಸುಕ್ಕುಗಳು ಸೇರಿದ್ದಲ್ಲಿ ಒಂದು ಸುತ್ತು ಬರೆದಳು. ಸೋಮವಾರದವರೆಗೆ ಕಾಯದೆ ನರ್ಸಮ್ಮನಿಗೆ ಫೋನು ಮಾಡಿದಳು.

ಮಧ್ಯಾಹ್ನವೇ ಬಂದ ನರ್ಸಮ್ಮ ಸೀಮೆಸುಣ್ಣದ ಗುರುತಿನ ಮೇಲೆ ಎರಡು ಬೆರಳಿಟ್ಟರು. ಅಜ್ಜಿ ಅವರ ಮಣಿಕಟ್ಟು ಹಿಡಿದುಕೊಂಡಳು. "ಅಲ್ಲೇ. ಎಷ್ಟು ದಿನದಿಂದ ಬಿಚ್ಚು ಅಂತಿದ್ದೀನಿ."

ಎಕ್ಸ್‌ರೇಯಲ್ಲಿ ಎರಡು ಪಕ್ಕೆಲುಬು ಬಿರುಕು ಬಿಟ್ಟದ್ದು ಕಂಡಿತು. ಡಾಕ್ಟರು ಹಳೆಯ ಚೀಟಿ ವಾಪಸು ತೆಗೆದುಕೊಂಡು, ನೋವಿಗೆ ಸಾಧಾರಣ ಮಾತ್ರೆ ಬರೆದರು, ದಿನಕ್ಕೆ ಮೂರು ಸಲ. "ಬೇಕಾ ಅಂತ ಕೇಳ್ಬೇಡಿ, ಬೇಡ ಅಂತಾರೆ. ಗಡಿಯಾರ ನೋಡಿ ಕೊಡಿ," ಎಂದರು ನರ್ಸಮ್ಮ.

ಮನೆಗೆ ಬಂದ ಅಮ್ಮ ಸ್ನಾನದಮನೆಯ ಕುರ್ಚಿಯ ಎದುರು ನಿಂತಳು. "ಇದರ ಕಾಲು ಅಲ್ಲಾಡಿಸಿ ನೋಡಿದೆನಲ್ಲೇ," ಎಂದಳು. "ಅವಳನ್ನ ನೋಡಲಿಲ್ಲ."

ಹೊಡೆಯುವುದು ನಾಲ್ಕೇ ದಿನದಲ್ಲಿ ನಿಂತಿತು. ಬಿಚ್ಚುವುದು ನಿಲ್ಲಲು ಮೂರು ವಾರ ಹಿಡಿಯಿತು. ಏಳನೆಯ ವಾರ ಗುಂಡಿ ಕೋಟಿನ ಬಾಡಿಗೆಯವರನ್ನು ಹೊರಗಟ್ಟಿ, ಮೊದಲ ಅಳತೆಗೇ ತಂದು, ಗಟ್ಟಿ ಹೊಲಿಗೆ ಹಾಕಿ, ಅಜ್ಜಿಗೆ ತೊಡಿಸಿದಳು.

ಅಜ್ಜಿಯ ಕೈ ಬಲಪಕ್ಕಕ್ಕೆ ಹೋಯಿತು. ಹೆಬ್ಬೆರಳು ಹೊಲಿಗೆಯುದ್ದಕ್ಕೂ ಇಳಿಯಿತು. ಗುಂಡಿ ಟೇಪಿನ ತುದಿ ಕಚ್ಚಿಕೊಂಡು ನಿಂತಳು. ಹೆಬ್ಬೆರಳು ಒಂದು ಕಡೆ ತಡೆಯಿತು. ಮರೆತುಹೋಗಿದ್ದ ಕಚ್ಚಾ ಹೊಲಿಗೆಯ ಒಂದೆಳೆ ಬಿಳಿ ದಾರ.

"ಯಾರು ಹೊಲಿದದ್ದು ಇದು?"

"ನಾನೇ ಅಜ್ಜಿ."

"ಕೈ ಪರವಾಗಿಲ್ಲ," ಎಂದಳು ಅಜ್ಜಿ. ದಾರವನ್ನು ಎಳೆದು ತೆಗೆದು ಗುಂಡಿಯ ಅಂಗೈಯಲ್ಲಿಟ್ಟು, ಬಲಗೈ ಎತ್ತಿ ಕಾಲರ್ ಸರಿಮಾಡಿಕೊಂಡಳು. ಆಮೇಲೆ ಮೇಲಿನಿಂದ ಕೆಳಗಿನವರೆಗೆ ಗುಂಡಿಗಳನ್ನು ತಾನೇ ಹಾಕಿಕೊಂಡಳು.