ಅರಾಗ್ಲಿನ್ ನೌಕೆಯ ಚುಕ್ಕಾಣಿ

ಡಿಂಗಿ ಎಂಬ ಪುಟ್ಟ ಹಾಯಿದೋಣಿಯಲ್ಲಿ ಒಬ್ಬರೇ ಕೂತು ಕಪ್ ಗೆದ್ದವರನ್ನು ಕಂಡರೆ ನನಗೆ ಮೊದಲಿನಿಂದಲೂ ಅಷ್ಟಕ್ಕಷ್ಟೆ. ಹಾಯಿಯೂ ಅವರದೇ, ಹಗ್ಗವೂ ಅವರದೇ, ಚುಕ್ಕಾಣಿಯೂ ಅವರದೇ. ಮಗುಚಿಕೊಂಡರೆ ದೋಣಿ ಎತ್ತಿ ನಿಲ್ಲಿಸಿ ಮತ್ತೆ ಹೊರಡುತ್ತಾರೆ. ಎಂಟು ಟನ್ನಿನ ನೌಕೆ ಹಾಗೆಲ್ಲ ಕ್ಷಮಿಸುವುದಿಲ್ಲ. ಆದ್ದರಿಂದ ನಮ್ಮ ಅರಾಗ್ಲಿನ್‌ನ ಮಾಲೀಕ ಜೆರೋಮ್, "ಗುರುವಾರದ ಪಂದ್ಯದಲ್ಲಿ ಚಕ್ರ ಕ್ಲೋಡಾ ಕೈಗೆ ಕೊಡು ಫಿಂಟನ್. ಸರಿಹೋದ್ರೆ ಆಗಸ್ಟ್‌ನಲ್ಲಿ ಫಾಸ್ಟ್‌ನೆಟ್ ಬಂಡೆ ಸುತ್ತೋ ದೊಡ್ಡ ಪಂದ್ಯಕ್ಕೂ ಅವಳೇ," ಎಂದಾಗ ನನಗೆ ಮೈಯೆಲ್ಲ ಉರಿಯಿತು. ಆ ಚುಕ್ಕಾಣಿ ಚಕ್ರದ ಹಿಂದೆ ಇಪ್ಪತ್ತು ವರ್ಷ ನಿಂತವನು ನಾನು.

"ನಾನೇನ್ ಮಾಡ್ಲಿ? ಟೀ ಕಾಯಿಸ್ಲಾ?"

"ನೀನು ದೊಡ್ಡ ಹಾಯಿ ಹಗ್ಗ ನೋಡ್ಕೋ. ಮೊನ್ನೆ ಎದುರಿಗೇ ತೇಲ್ತಿದ್ದ ಗುರುತಿನ ಪೀಪಾಯಿ ನಿನಗೆ ಕಾಣ್ಲೇ ಇಲ್ಲ, ಮಾರಾಯ."

ಅದು ನಿಜ. ನಿಜವಾಗಿದ್ದರಿಂದಲೇ ಸಿಟ್ಟು ಇನ್ನೂ ಹೆಚ್ಚಾಯಿತು.

ಕ್ಲೋಡಾ ಟೂಮಿ ನಮ್ಮ ಕ್ರಾಸ್‌ಹೇವನ್ ಊರಿನವಳೇ. ಹಲ್ಲು ಬೀಳುವ ವಯಸ್ಸಿನಿಂದ ಡಿಂಗಿಯಲ್ಲೇ ಬೆಳೆದವಳು, ಮಾತು ಬಲು ಕಡಿಮೆ. ಗುರುವಾರ ಸಂಜೆ ನೌಕೆ ಹತ್ತಿ ಚಕ್ರವನ್ನೊಮ್ಮೆ ಸವರಿದಳು. "ನಿಮಗೆ ಬೇಜಾರಿಲ್ಲ ತಾನೇ?" ಎಂದು ಕೇಳಿದಳು.

"ಛೇ, ಎಲ್ಲಾದ್ರೂ ಉಂಟಾ," ಎಂದೆ. ಇವಳು ಚೆನ್ನಾಗಿ ಎಡವಲಿ ಎಂದು ಒಳಗೊಳಗೇ ಬೇಡಿಕೊಂಡೆ.

ಬಂದರಿನ ಬಾಯಿ ದಾಟಿ ತೆರೆದ ಕಡಲಿಗೆ ಬಂದಾಗ ಮೊದಲ ಗಾಳಿ ಹೊಡೆಯಿತು. ನೌಕೆ ವಾಲಿದ್ದೇ ತಡ, ಕ್ಲೋಡಾ ಡಿಂಗಿಯಲ್ಲಿ ಮಾಡುವಂತೆ ಅದನ್ನು ನೆಟ್ಟಗೆ ನಿಲ್ಲಿಸಲು ಇಡೀ ಮೈಯನ್ನು ಹಿಂದಕ್ಕೆ, ಅಂಚಿನಿಂದಾಚೆಗೆ ಚಾಚಿದಳು. ಹಗ್ಗ ಬಿಗಿಯುವ ಕಾನ್ ಬಿದ್ದು ಬಿದ್ದು ನಕ್ಕ.

"ಏ ಹುಡುಗಿ, ಎಂಟು ಟನ್ ಇದೆ ಇದು! ನಿನ್ ಸೊಂಟಕ್ಕೆಲ್ಲ ಬಗ್ಗಲ್ಲ!"

ಎಲ್ಲರಿಗಿಂತ ಜೋರಾಗಿ ನಕ್ಕವನು ನಾನೇ. ಎರಡನೆಯ ಹೊಡೆತಕ್ಕೆ ಮಾತ್ರ ಯಾರೂ ನಗಲಿಲ್ಲ. ನೌಕೆ ಪಕ್ಕಕ್ಕೆ ಮಲಗಿಬಿಟ್ಟಿತು, ಚುಕ್ಕಾಣಿ ನೀರಿನಿಂದ ಮೇಲೆದ್ದಿತು, ನಾವು ಗಿರ್ರೆಂದು ತಿರುಗಿ ಹಿಂದಿನ ನೌಕೆಯ ದಾರಿಗೇ ಅಡ್ಡ ನಿಂತೆವು. ಹಾಯಿಯ ಗಾಳಿ ಕಳೆಯಲು ನಾನು ಹಗ್ಗ ಬಿಟ್ಟಿದ್ದು ತಡವಾಯಿತು. ಆ ನೌಕೆಯ ಮೂತಿ ನಮ್ಮಿಂದ ಒಂದು ಮಾರು ದೂರದಲ್ಲಿ ಹಾದುಹೋಯಿತು, ಜೊತೆಗೆ ಅವರ ಬೈಗುಳವೂ. ಜೆರೋಮ್ ಮುಖದಲ್ಲಿ ರಕ್ತವಿರಲಿಲ್ಲ.

"ಗಾಳಿ ಬರೋದು ಕಾಣ್ಲಿಲ್ವಾ ನಿನಗೆ?" ಎಂದು ನಾನು ಗದರಿದೆ.

"ಕಾಣ್ತು."

"ಯಾವಾಗ?"

"ಆಗ್ಲೇ. ಅಲ್ಲಿ, ಆ ಗುಡ್ಡದ ಬುಡದಲ್ಲಿ ನೀರು ಕಪ್ಪಾದಾಗ್ಲೇ."

ಗುಡ್ಡ ಎಷ್ಟು ದೂರವಿತ್ತೆಂದರೆ ಅಲ್ಲಿ ನನಗೆ ನೀರೂ ಆಕಾಶವೂ ಒಂದೇ ಬಣ್ಣ. "ಮತ್ತೆ ಬಾಯ್ಬಿಟ್ಟು ಹೇಳೋಕೇನು ರೋಗ?"

ಕ್ಲೋಡಾ ನನ್ನನ್ನೇ ನೋಡಿದಳು. ಸೊಕ್ಕಿರಲಿಲ್ಲ, ನಿಜಕ್ಕೂ ತಿಳಿಯದೆ ಕೇಳಿದಳು. "ಯಾರಿಗೆ ಹೇಳ್ಬೇಕಿತ್ತು?"

ನನ್ನ ಸಿಟ್ಟು ಸರ್ರನೆ ಇಳಿಯಿತು. ಅಷ್ಟು ವರ್ಷ ಅವಳ ಕಣ್ಣು ಕಂಡದ್ದನ್ನು ಅವಳ ಕೈಯೇ ಮಾಡಿಕೊಂಡು ಬಂದಿತ್ತು. ನಡುವೆ ಇನ್ನೊಬ್ಬ ಮನುಷ್ಯನೇ ಇರಲಿಲ್ಲ. ನಾನು ಆಗ ಬಾಯಿ ಮುಚ್ಚಿಕೊಂಡು ಕೂತಿದ್ದರೆ ಸಾಕಿತ್ತು, ಇನ್ನೆರಡು ಹೊಡೆತದಲ್ಲಿ ಚಕ್ರ ನನ್ನ ಕೈಗೇ ವಾಪಸ್ ಬರುತ್ತಿತ್ತು. ಜೆರೋಮ್ ಆಗಲೇ ನನ್ನ ಮುಖ ನೋಡುತ್ತಿದ್ದ. ಆದರೆ ಅಂಥ ಕಣ್ಣು ದಂಡವಾಗುವುದನ್ನು ನೋಡುತ್ತ ಕೂರಲು ನನ್ನಿಂದ ಆಗಲಿಲ್ಲ.

"ನನಗೆ ಹೇಳು," ಎಂದೆ. "ಹಗ್ಗ ನನ್ ಕೈಲಿದೆ. ಇದು ನಿನ್ನ ಕೈನೇ ಅಂದ್ಕೋ. ಕಂಡದ್ದೆಲ್ಲ ಹೇಳು, ಕೆಲಸಕ್ಕೆ ಬಾರದ್ದೂ ಹೇಳು."

ಮೊದಮೊದಲು ಕ್ಲೋಡಾ ನಾಚಿಕೊಂಡು ಗೊಣಗಿದಳು. ಆಮೇಲೆ ದನಿ ಗಟ್ಟಿಯಾಯಿತು.

"ಒಂದು ಬರ್ತಿದೆ. ಸಣ್ಣದು, ಪರವಾಗಿಲ್ಲ. ಅದರ ಹಿಂದೆ ದೊಡ್ಡದಿದೆ. ಅದು ಗುಡ್ಡಕ್ಕೆ ತಾಗಿ ಬಲಕ್ಕೆ ತಿರುಗುತ್ತೆ. ತಡೀರಿ. ತಡೀರಿ. ಈಗ!"

ಅವಳು "ಈಗ" ಎಂದ ಗಳಿಗೆಯಲ್ಲೇ ನನ್ನ ಬಲಗೆನ್ನೆಗೆ ಗಾಳಿ ತಾಗಿತು. ಹಗ್ಗ ಸಡಿಲಿಸಿದೆ. ನೌಕೆ ವಾಲಲಿಲ್ಲ, ಕಟ್ಟು ಬಿಚ್ಚಿದ ಹೋರಿಯ ಹಾಗೆ ಮುಂದಕ್ಕೆ ನುಗ್ಗಿತು. ನನ್ನ ಮೈ ಜುಮ್ಮೆಂದಿತು. ಕಾನ್ ನಗುವುದನ್ನೇ ಮರೆತಿದ್ದ.

"ಅಬ್ಬಾ!" ಎಂದಳು ಕ್ಲೋಡಾ. ಅವಳಿಗೂ ಅದು ಹೊಸದು. "ಇದಕ್ಕೆ ಇಷ್ಟೊಂದು ಶಕ್ತಿ ಇದ್ಯಾ!"

"ಇದೆ. ಆದ್ರೆ ನೀನು ತಿರುಗಿಸಿದ ಮೇಲೆ ಅದು ಸ್ವಲ್ಪ ಯೋಚ್ನೆ ಮಾಡತ್ತೆ. ಮುಂಚೆನೇ ತಿರುಗಿಸು."

ಆಮೇಲಿನ ಸಂಜೆಯನ್ನು ಹೇಗೆ ಹೇಳಲಿ? ಹುಟ್ಟಿದಾಗಿನಿಂದ ಈ ನೀರಿನ ಮೇಲೆಯೇ ಇದ್ದೇನೆ, ಇದರ ಮೈಯೆಲ್ಲ ಬಲ್ಲೆ ಎಂದುಕೊಂಡಿದ್ದೆ. ಅದನ್ನು ಒಬ್ಬರು ಹೀಗೆ ಸಾಲುಸಾಲಾಗಿ ಓದಿ ಹೇಳುವುದನ್ನು ನಾನು ಕೇಳಿರಲೇ ಇಲ್ಲ. ಗಾಳಿ ಎಲ್ಲಿ ಹುಟ್ಟಿತು, ಎಲ್ಲಿ ಸಾಯುತ್ತದೆ, ಯಾವ ಅಲೆ ಸುಮ್ಮನೆ ಹೆದರಿಸುತ್ತದೆ, ಎಲ್ಲವೂ ಅವಳ ಬಾಯಲ್ಲಿತ್ತು. ನನ್ನ ಕಣ್ಣು ಮಂಜಾಯಿತು, ಉಪ್ಪುನೀರಿನ ಮೇಲೆ ತಪ್ಪು ಹೊರಿಸಿದೆ.

ನಾವು ಗೆಲ್ಲಲಿಲ್ಲ, ಮೊದಲೇ ಕಳೆದುಕೊಂಡದ್ದು ಬಹಳವಿತ್ತು. ನೌಕೆಯನ್ನು ದಡಕ್ಕೆ ಕಟ್ಟಿದ ಮೇಲೆ ಕ್ಲೋಡಾ ದೂರದಲ್ಲಿ ಹಾಯಿ ಮಡಚುತ್ತಿದ್ದಳು. ಜೆರೋಮ್ ನನ್ನನ್ನು ಪಕ್ಕಕ್ಕೆ ಕರೆದ.

"ಅಡ್ಡ ತಿರುಗಿದಾಗ ನನ್ ಜೀವ ಬಾಯಿಗೆ ಬಂದಿತ್ತು, ಫಿಂಟನ್. ನಾನೇ ದುಡುಕಿದೆ. ಆಗಸ್ಟ್‌ನಲ್ಲಿ ನೀನೇ ನಿಂತ್ಕೋ. ಅವಳು ಬರೋ ವರ್ಷ ನೋಡ್ಲಿ."

ಅವಳು ನೌಕೆ ಹತ್ತಿದಾಗ ನಾನು ಬೇಡಿಕೊಂಡಿದ್ದು ಇದನ್ನೇ. ಚಕ್ರದ ಚರ್ಮದ ಹೊದಿಕೆ ನನ್ನ ಅಂಗೈ ತಾಗಿ ತಾಗಿ ಸವೆದಿತ್ತು. ಅದರ ಮೇಲೊಮ್ಮೆ ಕೈಯಿಟ್ಟು ತೆಗೆದೆ.

"ನನಗೆ ಕಾಣಲ್ಲ, ಜೆರೋಮ್," ಎಂದೆ. "ಅವಳಿಗೆ ಕಾಣತ್ತೆ. ಅವಳು ನಿಂತ್ಕೊಂಡ್ರೆ ಹಗ್ಗ ಹಿಡಿಯೋಕೆ ನಾನು ಬರ್ತೀನಿ. ಇಲ್ಲಾಂದ್ರೆ ಇಲ್ಲ."