ಕೋವಿಯ ಬಾಯಿಗಿಟ್ಟ ಬಟ್ಟೆ

ಸುಲೈಮಾನ್ ಕೋವಿಯನ್ನು ಮಡಿಸಿ, ಒಳಗೆ ತೋಟೆ ಇಲ್ಲವೆಂದು ಬೆರಳು ಹಾಕಿ ನೋಡಿ, ನಳಿಗೆಯನ್ನು ಅಂಗಡಿಯ ಹಿಂಬದಿ ಕಿಟಕಿಯ ಬೆಳಕಿಗೆ ಹಿಡಿದು ಒಂದು ಕಣ್ಣು ಮುಚ್ಚಿದ. ಮಂಜಯ್ಯ ಮುಖವನ್ನು ಆ ಕಡೆ ತಿರುಗಿಸಿಕೊಂಡ. ಡಾಕ್ಟರು ಎಕ್ಸ್‌ರೇ ನೋಡುವಾಗ ಮನೆಯವರು ತಿರುಗಿಸಿಕೊಳ್ಳುತ್ತಾರಲ್ಲ, ಹಾಗೆ.

"ಬಾಯಿಂದ ನಾಲ್ಕು ಬೆರಳು ಒಳಗೆ ಬಳೆ ತರ ತುಕ್ಕು ಕೂತಿದೆ ಗೌಡ್ರೇ. ಈ ಸಲ ಎಣ್ಣೆ ಹಾಕಿರ್ಲಿಲ್ವಾ?"

"ಹಾಕಿದ್ದೆ ಅಂತ್ಲೇ ನೆನಪು. ನನ್ ನೆನಪಿಗೆ ಈಗ ಯಾರು ಜಾಮೀನು ನಿಲ್ತಾರೆ ಮಾರಾಯ."

ಚುನಾವಣೆ ಬಂತೆಂದರೆ ಲೈಸೆನ್ಸಿನ ಕೋವಿಗಳೆಲ್ಲ ಸ್ಟೇಷನ್ನಿಗೆ ಹೋಗಿ ಕೂರಬೇಕು. ಗದ್ದೆಗೆ ಹಂದಿ ಬರಲಿ, ಮಂಗ ಬರಲಿ, ಫಲಿತಾಂಶ ಬರುವ ತನಕ ತಗಡು ಡಬ್ಬ ಬಡಿದೇ ಓಡಿಸಬೇಕು. ಮೂವತ್ತು ವರ್ಷದಲ್ಲಿ ಮಂಜಯ್ಯ ತನ್ನ ಒಂಟಿ ನಳಿಗೆಯನ್ನು ಎಷ್ಟು ಸಲ ಹಾಗೆ ಒಪ್ಪಿಸಿದ್ದನೋ, ಅಷ್ಟು ಸಲವೂ ಅದು ಕನ್ನಡಿಯಂತೆ ಮರಳಿ ಬಂದಿತ್ತು. ಈ ಸಲ ಎರಡು ತಿಂಗಳ ಮೇಲೆ ಕೊಪ್ಪದ ಸ್ಟೇಷನ್ನಿನಲ್ಲಿ ಬಿಡಿಸಿಕೊಂಡು, ಮೆಟ್ಟಿಲಲ್ಲೇ ನಿಂತು ಒಳಗೆ ಇಣುಕಿದರೆ ತುಕ್ಕು. ಮನೆಗೆ ಹೋಗದೆ ಇಲ್ಲಿಗೆ ಬಂದಿದ್ದ. ಸುಲೈಮಾನನದು ಹೊಲಿಗೆ ಮೆಷಿನ್ ರಿಪೇರಿ ಅಂಗಡಿ; ಸುತ್ತಿನ ಕೋವಿಯವರೆಲ್ಲ ಎಣ್ಣೆಗೂ ಬ್ರಷ್ಷಿಗೂ ಬರುವುದು ಅವನ ಹತ್ತಿರವೇ.

ಮಂಜಯ್ಯನ ಅಂಗಿ ಜೇಬಿನಲ್ಲಿ ಒಂದು ಮಡಿಸಿದ ಹಾಳೆ ಇತ್ತು. ಸ್ಟೇಷನ್ನಿನ ಎದುರು ಕೂರುವ ಅರ್ಜಿ ಬರೆಯುವವನ ಹತ್ತಿರ ಅರ್ಧ ಗಂಟೆ ಹಿಂದಷ್ಟೇ ಬರೆಸಿದ್ದು. ವಯಸ್ಸಿನ ಕಾರಣ ಕೋವಿಯನ್ನೂ ಲೈಸೆನ್ಸನ್ನೂ ಸರ್ಕಾರಕ್ಕೆ ಒಪ್ಪಿಸುತ್ತೇನೆ ಎಂದಿತ್ತು. ಹೋದ ತಿಂಗಳು ಎರಡು ಬೇರೆ ಬೇರೆ ಚಪ್ಪಲಿ ಮೆಟ್ಟಿ ಕಮ್ಮರಡಿ ಪೇಟೆಯೆಲ್ಲ ಸುತ್ತಿ ಬಂದಾಗ ನಕ್ಕಿದ್ದ. ಕೋವಿಗೆ ಎಣ್ಣೆ ಹಾಕುವುದು ಮರೆತದ್ದಕ್ಕೆ ಮಾತ್ರ ನಗು ಬರಲಿಲ್ಲ. ಇವತ್ತು ಎಣ್ಣೆ ಮರೆತವನು ನಾಳೆ ಒಳಗೆ ತೋಟೆ ಇರುವುದನ್ನು ಮರೆತರೆ?

"ವಾಪಸ್ ಕೊಡೋದಾದ್ರೂ ತೊಳ್ದು ಕೊಡ್ಬೇಕು," ಎಂದು ಸುಲೈಮಾನನಿಗೆ ಹೇಳಿದ. "ಪಕ್ಕದ ಮನೆಯಿಂದ ತಂದ ಪಾತ್ರೆ ತರ. ಅದಕ್ಕೆ ಬೇಕಾದ ಸಾಮಾನು ಕೊಡು. ನಾಳೆ ತಂದು ಒಪ್ಪಿಸ್ತೀನಿ."

ಮಗಳು ನಿಶ್ಚಿತಾ ಪಕ್ಕದಲ್ಲೇ ಫೋನು ಹಿಡಿದು ನಿಂತಿದ್ದಳು. ಗದ್ದೆ, ತೋಟ, ಪಿಕಪ್ಪು ಎಲ್ಲ ಈಗ ಅವಳ ಕೈಯಲ್ಲೇ. ಕೋವಿ ತೊಳೆಯುವ ವಿಡಿಯೋಗಳನ್ನು ನೋಡಿ ನೋಡಿ ಹದಿನಾಲ್ಕು ಸಾಮಾನಿನ ಪಟ್ಟಿ ಮಾಡಿಟ್ಟುಕೊಂಡಿದ್ದಳು. ಬರುವ ವರ್ಷ ಲೈಸೆನ್ಸಿಗೆ ಅವಳ ಹೆಸರು ಸೇರಿಸುತ್ತೇನೆಂದು ಅಪ್ಪಯ್ಯ ಹೇಳಿದ ದಿನದಿಂದ ಅವಳಿಗೆ ಇದೇ ಧ್ಯಾನ. ಬೇರೆ ದಿನವಾಗಿದ್ದರೆ ಇಷ್ಟರಲ್ಲಿ ಸುಲೈಮಾನನ ತಲೆ ತಿಂದಿರುತ್ತಿದ್ದಳು. ಇವತ್ತು ಫೋನಿನ ಪರದೆ ಆರಿಹೋಗಿದ್ದೂ ಅವಳಿಗೆ ಗೊತ್ತಾಗಲಿಲ್ಲ.

ಯಾಕೆಂದರೆ ಹೆಗಲ ಚೀಲದಲ್ಲಿ ಒಂದು ಹಸಿರು ಬಟ್ಟೆಯ ಚೂರಿತ್ತು. ಹೋದ ಚುನಾವಣೆಯಲ್ಲಿ ಊರಿನ ಯಜ್ಞೇಶಣ್ಣನ ಕೋವಿಯೊಳಗೆ ಕಣಜ ಮಣ್ಣಿನ ಗೂಡು ಕಟ್ಟಿ, ಅದನ್ನು ಕೆರೆದು ತೆಗೆಯಲು ಎರಡು ದಿನ ಹಿಡಿದಿತ್ತು. ನಮ್ಮದಕ್ಕೆ ಹಾಗಾಗಬಾರದೆಂದು, ಒಪ್ಪಿಸುವ ಬೆಳಿಗ್ಗೆ, ಹಗ್ಗದ ಮೇಲಿದ್ದ ಹಳೇ ವೇಲನ್ನು ಹರಿದು ಅಪ್ಪಯ್ಯನಿಗೆ ಕಾಣದಂತೆ ಕೋವಿಯ ಬಾಯಿಗೆ ತುರುಕಿದ್ದಳು. ಇವತ್ತು ಅವನು ರಿಜಿಸ್ಟರಿಗೆ ಸಹಿ ಹಾಕುತ್ತಿದ್ದಾಗ ಅದನ್ನು ಎಳೆದು ತೆಗೆದರೆ, ಬಟ್ಟೆಯ ತುದಿ ಕಾಫಿ ಬಣ್ಣಕ್ಕೆ ತಿರುಗಿತ್ತು. ಹೇಳಿದರೆ ಕೋವಿ ಮುಟ್ಟಲು ಬಿಡುವುದಿಲ್ಲ, ಹೆಸರು ಸೇರಿಸುವುದಂತೂ ದೂರದ ಮಾತು. ಆಮೇಲೆ ಹೇಳಿದರಾಯಿತು ಅಂದುಕೊಳ್ಳುವಷ್ಟರಲ್ಲಿ ಅವನು ಅರ್ಜಿ ಬರೆಸಲು ಕೂತಿದ್ದ.

ಸುಲೈಮಾನ್ ಸಾಮಾನು ಒಂದೊಂದೇ ಮೇಜಿನ ಮೇಲಿಟ್ಟ. ನಳಿಗೆಯೊಳಗೆ ತೂರಿಸಲು ಮೂರು ತುಂಡು ಜೋಡಿಸುವ ಮರದ ಗಜ. ಅದರ ತುದಿಗೆ ಸಿಕ್ಕಿಸುವ ಹಿತ್ತಾಳೆ ತಂತಿಯ ದುಂಡು ಬ್ರಷ್. ಉಕ್ಕಿನದು ಬೇಡ, ನಳಿಗೆಗೆ ಗೀರು ಬೀಳುತ್ತದೆ ಎಂದ. ಎಣ್ಣೆಗೆ ಮನೆಯಲ್ಲಿ ಕೊಬ್ಬರಿ ಎಣ್ಣೆ ಇದೆಯಲ್ಲ ಎಂದು ಮಂಜಯ್ಯ ಸಣ್ಣ ದನಿಯಲ್ಲಿ ಕೇಳಿದ. ಅದು ತಲೆಗೆ, ದೋಸೆಗೆ. ಕೋವಿಯೊಳಗೆ ಚಳಿಗೆ ಗಟ್ಟಿಯಾಗಿ ಜಿಡ್ಡು ಹಿಡಿಯುತ್ತದೆ, ಮೆಷಿನ್ ಎಣ್ಣೆಯೇ ಆಗಬೇಕು ಎಂದು ಸುಲೈಮಾನ್ ಬೈದ. ಇಷ್ಟು ವರ್ಷ ಮೆಷಿನ್ ಎಣ್ಣೆಯನ್ನೇ ಒಯ್ದಿದ್ದ ಮಂಜಯ್ಯ ಹಣೆ ಮುಟ್ಟಿಕೊಂಡ.

"ನೋಡು. ಅದೂ ಮರ್ತೋಯ್ತು."

ಅವನು ಅದನ್ನು ಹೇಳಿದ ರೀತಿ ನಿಶ್ಚಿತಾಳಿಗೆ ತಡೆಯಲಾಗಲಿಲ್ಲ. ಸುಲೈಮಾನ್ ಒರೆಸಲು ಹತ್ತಿ ಬಟ್ಟೆ ಹುಡುಕುತ್ತಿದ್ದ. ಅವಳು ಚೀಲಕ್ಕೆ ಕೈ ಹಾಕಿ ಹಸಿರು ಚೂರನ್ನು ಮೇಜಿನ ಮೇಲಿಟ್ಟಳು.

"ಇದಾಗಲ್ಲ ಕೂಸೇ, ಇದ್ರಲ್ಲಾಗ್ಲೇ ತುಕ್ಕಿದೆ," ಎಂದ ಸುಲೈಮಾನ್, ಎತ್ತಿ ನೋಡಿ.

"ಅದು ಕೋವಿದೇ. ನಾನೇ ಬಾಯಿಗೆ ತುರುಕಿದ್ದು ಅಪ್ಪಯ್ಯ. ಕಣಜ ಹೋಗ್ಬಾರ್ದು ಅಂತ."

ಮಂಜಯ್ಯ ಬಟ್ಟೆಯನ್ನು ಕೈಗೆತ್ತಿಕೊಂಡ. ಮೂಸಿದ. ಹೆಬ್ಬೆರಳಿನಲ್ಲಿ ಉಜ್ಜಿದ. ಹೊರಗೆ ಶೃಂಗೇರಿ ಬಸ್ಸು ಹಾರ್ನ್ ಹೊಡೆದು ಹೋಯಿತು.

"ಒಣಗಿತ್ತಾ?"

"ಒಣಗಿದೆ ಅಂದ್ಕೊಂಡಿದ್ದೆ."

"ಹಂಗಾದ್ರೆ ನಾನು ಎಣ್ಣೆ ಹಾಕಿದ್ದೆ?"

"ಹಾಕಿದ್ದೆ. ನಾನು ನೋಡಿದೀನಿ. ಒಂದ್ಸಲ ಹಾಕಿ, ಕಾಫಿ ಕುಡ್ದು ಬಂದು ಮತ್ತೊಂದ್ಸಲ ಹಾಕಿದ್ದೆ."

"ಚಪ್ಪಲಿ?"

"ಅದು ನೀನೇ."

ಸುಲೈಮಾನ್ ನಗು ತಡೆಯಲಾಗದೆ ಎಣ್ಣೆ ಡಬ್ಬದ ಕಡೆ ತಿರುಗಿಕೊಂಡ. ಮಂಜಯ್ಯ ಬಟ್ಟೆಯನ್ನು ನಾಲ್ಕು ಮಡಿಕೆ ಮಾಡಿ ಮಗಳ ಕೈಗೆ ಕೊಟ್ಟ. "ಕಣಜಕ್ಕೆ ಬಾಗ್ಲು ಹಾಕಕ್ಕೆ ಹೋಗಿ ಪಸೆನ ಒಳಗೆ ಕೂಡಿಹಾಕಿದ್ಯಲ್ಲ ಮಾರಾಯ್ತಿ. ಸ್ಟೇಷನ್ ಮೆಟ್ಲಲ್ಲೇ ಹೇಳಕ್ಕೆ ಎಂತಾಗಿತ್ತು ನಿಂಗೆ?"

ಅವಳ ಕಣ್ಣು ತುಂಬಿದ್ದು ನೋಡಿ ಅವನು ಮುಂದೆ ಬೈಯಲಿಲ್ಲ. ಮೇಜಿಗೆ ಒರಗಿದ್ದವನು ನೆಟ್ಟಗಾದ. ಗಜದ ತುಂಡುಗಳನ್ನು ಜೋಡಿಸಿ, ಬಗ್ಗಿಸಿ ಪರೀಕ್ಷಿಸಿ, ಇದು ಸೊಟ್ಟ ಇದೆ, ಬೇರೆ ತೆಗೆ ಎಂದ. ಬ್ರಷ್ಷನ್ನು ಅಂಗೈಗೆ ತಿಕ್ಕಿ ನೋಡಿ ಮಗಳಿಗೆ ದಾಟಿಸಿದ. ಈ ತುಕ್ಕು ಮೇಲ್ಮೇಲಿನದು, ದಿನಕ್ಕೆರಡು ಸಲದಂತೆ ಒಂದು ವಾರ ತಿಕ್ಕಿದರೆ ಹೋಗುತ್ತದೆ ಎಂದು ಸುಲೈಮಾನ್ ಹೇಳಿದ. ತಿಕ್ಕುವವಳು ಇವಳೇ, ಪಕ್ಕದಲ್ಲಿ ಕೂತು ನೋಡುವವನು ನಾನು ಎಂದ ಮಂಜಯ್ಯ. ಆ ಹದಿನಾಲ್ಕು ಸಾಮಾನಿನ ಪಟ್ಟಿ ಎಂತದು, ತೋರಿಸು ಎಂದೂ ಕೇಳಿದ.

ಸುಲೈಮಾನ್ ದೊಡ್ಡ ಡಬ್ಬದಿಂದ ಎಣ್ಣೆ ಹಾಕಲು ಸಣ್ಣ ಶೀಶೆ ಇಟ್ಟುಕೊಂಡು ಲಾಳಿಕೆ ಹುಡುಕಿದ. ಹಸೀಬ್ ಬೈಕಿಗೆ ಪೆಟ್ರೋಲ್ ಹಾಕಲು ಒಯ್ದವನು ತಂದಿಡಲೇ ಇಲ್ಲ ಎಂದು ಮಗನಿಗೆ ಬೈದುಕೊಂಡ.

ಮಂಜಯ್ಯ ಜೇಬಿನಿಂದ ಮಡಿಸಿದ ಹಾಳೆ ತೆಗೆದ. ಬಿಡಿಸಿ, ನೆಲಗಡಲೆ ಪೊಟ್ಟಣದಂತೆ ಸುತ್ತಿ, ತುದಿಯನ್ನು ಚಿವುಟಿ ತೂತು ಮಾಡಿ ಶೀಶೆಯ ಬಾಯಿಗಿಟ್ಟ.

"ಹಾಕು," ಎಂದ.

ನಿಶ್ಚಿತಾ ಶೀಶೆಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಳು. ತೆಳ್ಳಗಿನ ಎಣ್ಣೆ ಹಾಳೆಯೊಳಗೆ ಸುತ್ತುತ್ತ ಇಳಿಯಿತು. ಇಳಿದಂತೆ ಹಾಳೆ ನೆನೆದು ಗಾಜಿನಂತಾಗಿ, ನೀಲಿ ಅಕ್ಷರಗಳು ಒಂದರ ಮೇಲೊಂದು ಬಿದ್ದು ಕಾಣತೊಡಗಿದವು.