ಟವೆಲ್ ಕೆಳಗಿನ ಮನೆ

ರೇಣುಕಾಪ್ರಸಾದ್ ಮತ್ತು ಅವನ ಹೆಂಡತಿ ಚೈತ್ರಾ ಎರಡು ವರ್ಷದಲ್ಲಿ ಐವತ್ತೊಂದು ಮನೆ ನೋಡಿದರು. ಐವತ್ತೊಂದೂ ಬೇರೆಯವರ ಪಾಲಾದವು. ನಾನು ರೇಣುಕನ ಸೋದರಮಾವ. ಎಷ್ಟೋ ಮನೆಗಳಿಗೆ ಜೊತೆಯಲ್ಲೇ ಹೋಗಿದ್ದೇನೆ, ಹಾಗಾಗಿ ಇದರಲ್ಲಿ ಸುಳ್ಳು ಸೇರುವ ಪ್ರಶ್ನೆಯೇ ಇಲ್ಲ.

ಕನಕಪುರದಲ್ಲಿ ಒಂದು ಹಿಟ್ಟಿನ ಗಿರಣಿಯ ಮೇಲೆ ಅವರ ಬಾಡಿಗೆ ಮನೆ. ಬೆಳಿಗ್ಗೆ ಚೈತ್ರಾ ಮೊಸರಿನ ಪಾತ್ರೆ ನೆಲದ ಮೇಲಿಟ್ಟರೆ ಮಧ್ಯಾಹ್ನಕ್ಕೆ ಬೆಣ್ಣೆ ತೇಲುತ್ತಿತ್ತು, ಗಿರಣಿ ಆ ಪರಿ ಅಲುಗಾಡಿಸುತ್ತಿತ್ತು. ಮಹಡಿಯಲ್ಲೂ ಒಂದು ಗಿರಣಿ ಹಾಕುತ್ತೇನೆ, ಯುಗಾದಿಯೊಳಗೆ ಖಾಲಿ ಮಾಡಿ ಎಂದು ಓನರ್ ಹೇಳಿಬಿಟ್ಟಿದ್ದ. ಬ್ಯಾಂಕಿನ ಸಾಲ, ಉಳಿತಾಯ, ಚೈತ್ರಾಳ ಬಳೆ ಎಲ್ಲ ಸೇರಿ ಇವರ ಕೈಲಿದ್ದದ್ದು ಮೂವತ್ತನಾಲ್ಕು ಲಕ್ಷ. ಅದರ ಮೇಲೆ ಒಂದು ಕಾಸಿಲ್ಲ.

ಮಾಗಡಿಯ ಒಂದು ಮನೆಗೆ ಫೋನಿನಲ್ಲಿ ಮೂವತ್ತು ಹೇಳಿದ್ದರು. ನಮ್ಮ ಬಸ್ಸು ರಾಮನಗರ ದಾಟುವಷ್ಟರಲ್ಲಿ ಮೂವತ್ತೆರಡಾಯಿತು. ಮಾಗಡಿಯಲ್ಲಿ ಇಳಿದಾಗ ಮೂವತ್ತೈದು. ಡ್ರೈವರ್ ಟೀ ಕುಡಿಯದಿದ್ದರೆ ಆ ಮನೆ ನಮ್ಮದಾಗುತ್ತಿತ್ತು. ರಾಮನಗರದಲ್ಲಿ ಒಬ್ಬ ಕಿಟಕಿಯಿಂದ ಕಾಣುವ ಬಂಡೆಗಳಿಗೂ ತಲಾ ಒಂದು ಲಕ್ಷ ಸೇರಿಸಿದ. ಕಿಟಕಿ ಮುಚ್ಚಿಕೊಂಡೇ ಇರುತ್ತೇವೆ ಎಂದರೂ ಬಿಡಲಿಲ್ಲ. ಚನ್ನಪಟ್ಟಣದಲ್ಲಿ ಮನೆ ನೋಡಲು ಟೋಕನ್ ಕೊಟ್ಟರು, ನಮ್ಮದು ನಲವತ್ತಮೂರು. ನಮ್ಮ ಸರದಿ ಬರುವಷ್ಟರಲ್ಲಿ ಏಳನೆಯ ಟೋಕನಿನವನು ಮನೆ ಕೊಂಡು, ಹೆಚ್ಚಿನ ರೇಟಿಗೆ ನಮಗೇ ತೋರಿಸುತ್ತಿದ್ದ.

ಮೊದಮೊದಲು ಚೈತ್ರಾ ಬಸ್ಸಿನಲ್ಲೇ ಕರ್ಟನ್ನಿನ ಬಣ್ಣ ಆರಿಸುತ್ತಿದ್ದಳು. ಹತ್ತನೆಯ ಮನೆ ತಪ್ಪಿದಾಗ ಅತ್ತಳು. ಇಪ್ಪತ್ತನೆಯದಕ್ಕೆ ಊಟ ಬಿಟ್ಟಳು. ಮೂವತ್ತು ದಾಟಿದ ಮೇಲೆ ಏನೂ ಆಗಲಿಲ್ಲ. ಮನೆ ಹೋಯಿತೆಂದರೆ “ಹೂಂ” ಎಂದು ಈರುಳ್ಳಿ ಹೆಚ್ಚುತ್ತಿದ್ದಳು. ರೇಣುಕನದು ಇನ್ನೊಂದು ಬಗೆ. ಅವನ ಬಲಗೈಗೆ ಜೋಮು ಹಿಡಿದದ್ದು ಬಿಡಲೇ ಇಲ್ಲ. ಡಾಕ್ಟರು ಸೂಜಿ ಚುಚ್ಚಿ, ಬ್ಯಾಂಡೇಜ್ ಅಂಟಿಸಿ, ಫೀಸು ತೆಗೆದುಕೊಂಡ ಮೇಲೆ ಇವನು ಕೇಳಿದ: “ಯಾವಾಗ ಚುಚ್ತೀರಾ ಸಾರ್?”

ಐವತ್ತೆರಡನೆಯ ಮನೆ ಬಸವಲಿಂಗಯ್ಯನದು. ಕೋಡಿಹಳ್ಳಿಯ ಈತ ನಲವತ್ತು ವರ್ಷ ದನದ ದಲ್ಲಾಳಿಯಾಗಿದ್ದವನು. ಕನಕಪುರದಲ್ಲಿದ್ದ ಎರಡು ರೂಮಿನ ಮನೆಯನ್ನು ಆಗಲೇ ಎರಡು ಸಲ ಮಾರಿದ್ದ. ಎರಡು ಸಲವೂ ಹೆಚ್ಚು ಕೂಗಿದವರು ತಿಂಗಳಾದ ಮೇಲೆ ಸಾಲ ಸಿಗಲಿಲ್ಲ ಎಂದು ವಾಪಸ್ ಬಂದಿದ್ದರು. ಅದಕ್ಕೇ ಈ ಸಲ ಜಗುಲಿಯ ಮೇಲೆ ಹನ್ನೊಂದು ಜನರನ್ನು ಕೂರಿಸಿ ಹೆಗಲ ಮೇಲಿನ ಟವೆಲ್ ತೆಗೆದ.

“ಬಾಯಲ್ಲಿ ಎಲ್ರೂ ಹೇಳ್ತಾರೆ. ನಾನು ದನ ಮಾರ್ದಂಗೆ ಮಾರ್ತೀನಿ. ಟವೆಲ್ ಕೆಳಗೆ ಕೈ ಕೊಡಿ. ಮೂವತ್ತರ ಮೇಲೆ ಒಂದು ಬೆರಳು ಅದುಮಿದ್ರೆ ಒಂದು ಲಕ್ಷ.”

“ಇದೇನ್ ಯಜಮಾನ್ರೆ, ಮನೆಗೇನು ಹಲ್ಲು ನೋಡ್ಬೇಕಾ?” ಎಂದ ಒಬ್ಬ.

“ಮನೇದಲ್ಲ ಕಣ್ಲಾ, ನಿಂದು ನೋಡ್ತಿದ್ದೀನಿ.”

ಒಬ್ಬೊಬ್ಬರೇ ಕೈ ಕೊಟ್ಟರು. ಎಲ್ಲರದೂ ಬೆವರು. ಒಬ್ಬನ ಕೈಯಂತೂ ಎಷ್ಟು ಬೆವರಿತೆಂದರೆ ಟವೆಲ್ ಹಿಂಡಿ ಒಣಹಾಕಿ, ಅದು ಒಣಗುವ ತನಕ ನಾವೆಲ್ಲ ಕಾದೆವು. “ಬೆವರೋ ಕೈ ಮಾತು ನಿಲ್ಲಕ್ಕಿಲ್ಲ. ದುಡ್ಡು ಇನ್ನೂ ಯಾರ ಜೇಬಲ್ಲೋ ಐತೆ,” ಎಂದು ಬಸವಲಿಂಗಯ್ಯ ಎಲ್ಲರನ್ನೂ ಎಬ್ಬಿಸಿ ಕಳಿಸಿದ.

ಕೊನೆಗೆ ರೇಣುಕ ಕೂತು ನಾಲ್ಕು ಬೆರಳು ಅದುಮಿದ. ಬಸವಲಿಂಗಯ್ಯ ಐದು ಅದುಮಿದ. ರೇಣುಕ ಗೋಡೆಯ ಕ್ಯಾಲೆಂಡರ್ ನೋಡುತ್ತಿದ್ದ. ಆತ ಏಳು ಮಾಡಿದ, ಗಿಲ್ಲಿದ, ಹೆಬ್ಬೆರಳು ತಿರುಚಿದ. ರೇಣುಕನ ಜೋಮು ಹಿಡಿದ ಕೈಗೆ ತಿಳಿದಿದ್ದರೆ ತಾನೇ? ಅವನು ಕ್ಯಾಲೆಂಡರಿನಲ್ಲಿ ಸರ್ಕಾರಿ ರಜೆ ಎಣಿಸುತ್ತಿದ್ದ. ಅರ್ಧ ಗಂಟೆಯಾದ ಮೇಲೆ ಬಸವಲಿಂಗಯ್ಯನ ಹಣೆಯಲ್ಲೇ ಬೆವರು ಮೂಡಿತು.

“ಅಬ್ಬಬ್ಬಾ! ನಲವತ್ತು ವರ್ಷದಾಗೆ ಇಂಥ ಕೈ ಹಿಡಿದಿಲ್ಲ ಕಣಪ್ಪ. ಒಸಿನೂ ಆಸೆ ಇಲ್ಲ. ದುಡ್ಡು ರೆಡಿ ಇರೋನ ಕೈ ಇದು. ತಗಾ, ಮೂವತ್ತನಾಲ್ಕಕ್ಕೇ ಕೊಟ್ಬುಟ್ಟೆ.”

“ಹೂಂ,” ಎಂದಳು ಚೈತ್ರಾ.

ಬ್ಯಾಂಕಿನವರು ಕಾಗದ ನೋಡಿ ಒಪ್ಪಿದರು, ತಿಂಗಳೊಳಗೆ ರಿಜಿಸ್ಟ್ರೇಷನ್ನೂ ಆಯಿತು. ಅವತ್ತೇ ನಾವು ಮೂವರೂ ಮನೆಗೆ ಹೋದರೆ ಬಸವಲಿಂಗಯ್ಯ ಮುಂಬಾಗಿಲು ಬಿಚ್ಚಿ ಎತ್ತಿನ ಗಾಡಿಗೆ ಏರಿಸುತ್ತಿದ್ದ.

“ಅಣ್ಣಾ, ಬಾಗ್ಲು ಯಾಕೆ?” ಎಂದ ರೇಣುಕ.

“ದನ ಮಾರಿದೋರು ಹಗ್ಗ ಕೊಡ್ತಾರೇನಪ್ಪಾ? ಹಗ್ಗ ಕೊಟ್ರೆ ಮನೆ ಲಕ್ಷ್ಮಿನೂ ಅದರ ಹಿಂದೆನೇ ಹೊಂಟೋಯ್ತಾಳೆ. ತಕ್ಕೊಂಡೋನೇ ಹೊಸ ಹಗ್ಗ ತರ್ಬೇಕು. ನೀನು ಹೊಸ ಬಾಗ್ಲು ತಂದಾಕ್ಕೋ.”

ಗಾಡಿ ಹೋಯಿತು.

ನಾವು ಒಳಗೆ ಹೋದೆವು. ಚೈತ್ರಾ ನಲ್ಲಿ ತಿರುಗಿಸಿ ನೋಡಿದಳು. ರೇಣುಕ ಗೋಡೆ ತಟ್ಟಿದ, ಸೋರಿದ ಕಲೆ ಇದೆಯೇ ಎಂದು ಸೂರು ನೋಡಿದ. ಆಮೇಲೆ ಖಾಲಿ ಹಾಲಿನ ಕಡೆ ತಿರುಗಿ, “ಮನೇಲಿ ಮಾತಾಡ್ಕೊಂಡು ಫೋನ್ ಮಾಡ್ತೀವಿ ಸಾರ್,” ಎಂದ. ನಾನೂ ಕೈ ಮುಗಿದೆ. ಮೂವರೂ ಹೊರಟು ಬಸ್ ಸ್ಟ್ಯಾಂಡಿನ ತನಕ ನಡೆದೆವು. ಅಲ್ಲಿ ಚೈತ್ರಾ ನಿಂತಳು.

“ರೀ, ಯಾರಿಗೆ ಫೋನ್ ಮಾಡ್ಬೇಕು?”

ರೇಣುಕ ಮೊಬೈಲ್ ತೆಗೆದು ನಂಬರ್ ಹುಡುಕಿದ. ತುಂಬ ಹೊತ್ತು ಹುಡುಕಿದ. ನನಗೂ ಹೊಳೆಯಲಿಲ್ಲ. ಕೊಂಡ ಮನೆಗೇ ವಾಪಸ್ ನಡೆದೆವು.

ಬಾಗಿಲಿಲ್ಲದ ಮನೆ ಎಲ್ಲರಿಗೂ ತೆರೆದದ್ದೇ. ಹಾಲಿನಲ್ಲಿ ಒಬ್ಬ ಗಂಡ, ಒಬ್ಬಳು ಹೆಂಡತಿ ನಿಂತಿದ್ದರು. ಆಕೆ ಬೀರು ಎಲ್ಲಿ ಕೂರುತ್ತದೆಂದು ಗೇಣು ಹಾಕಿ ಅಳೆಯುತ್ತಿದ್ದಳು. ಮುಖದಲ್ಲಿ ಕರ್ಟನ್ನಿನ ಬಣ್ಣ ಇನ್ನೂ ಇತ್ತು.

“ನೀವೂ ನೋಡಕ್ಕೆ ಬಂದ್ರಾ?” ಎಂದು ಆತ ಕೇಳಿದ. “ಎಷ್ಟಂತೆ?”

ರೇಣುಕ ನನ್ನ ಮುಖ ನೋಡಿದ. ಚೈತ್ರಾ ನೆಲ ನೋಡಿದಳು. ಕೆಂಪು ಗಾರೆಯ ಮೇಲೆ ಬಾಗಿಲಿನಿಂದ ಅಡುಗೆಮನೆಯವರೆಗೆ ಎರಡು ಜೊತೆ ಹೆಜ್ಜೆಯ ಧೂಳು.

“ಏನಮ್ಮಾ, ಒಂದ್ ಮನೆ ಒಳಕ್ಕೆ ಬರೋವಾಗ ಚಪ್ಲಿ ಬುಟ್ಟು ಬರ್ಬೇಕು ಅಂತ ಗೊತ್ತಾಗಕ್ಕಿಲ್ವಾ?” ಎಂದಳು ಚೈತ್ರಾ. ಎರಡು ವರ್ಷದಲ್ಲಿ ಅವಳ ದನಿ ಅಷ್ಟು ಏರಿದ್ದನ್ನು ನಾನು ಕೇಳಿರಲಿಲ್ಲ.

ಅವರಿಬ್ಬರೂ ನಾಚಿಕೊಂಡು ಹೊರಗೆ ಹೋದರು. ಚಪ್ಪಲಿ ಬಿಟ್ಟರು. ಮತ್ತೆ ಒಳಗೆ ಬಂದು ಬಚ್ಚಲುಮನೆ ನೋಡಿದರು.